ಮಾವಿನ ಶುಂಠಿ: ಗೆಡ್ಡೆ ಆರಿಸುವುದರಿಂದ ಉಪ್ಪಿನಕಾಯಿ ಜಾಡಿಯವರೆಗೆ

ಡಿಸೆಂಬರ್ ಕೊನೆಯ ಹೊತ್ತಿಗೆ ಗಾಂಧಿ ಬಜಾರ್‌ನಲ್ಲಿ, ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯಲ್ಲಿ, ಅವರೆಕಾಯಿ ರಾಶಿಗಳ ಪಕ್ಕ ಮಣ್ಣು ಮೆತ್ತಿದ ಸಣ್ಣ ಗೆಡ್ಡೆಗಳ ಗುಡ್ಡೆ ಕಾಣಿಸುತ್ತದೆ. ನೋಡಲು ಶುಂಠಿ. ಉಗುರಿನಿಂದ ಗೀರಿ ಮೂಸಿದರೆ ಹಸಿ ಮಾವಿನಕಾಯಿ. ಮಾರ್ಚ್ ಬರುವಷ್ಟರಲ್ಲಿ ಆ ಗುಡ್ಡೆ ಹೆಚ್ಚುಕಡಿಮೆ ಮಾಯವಾಗಿರುತ್ತದೆ.

ಇದನ್ನು ಮನೆಯಲ್ಲೇ ಬೆಳೆಯಬಹುದು ಅಂದರೆ ಎಷ್ಟೋ ಜನಕ್ಕೆ ಆಶ್ಚರ್ಯ. ತಾರಸಿಯಲ್ಲಿ ನಾನು ಬೆಳೆಯುವ ಗಿಡಗಳಲ್ಲಿ ಇಷ್ಟು ಕಡಿಮೆ ಆರೈಕೆ ಕೇಳುವುದು ಇನ್ನೊಂದಿಲ್ಲ. ಬೆಂಗಳೂರಿನ ಹವೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಏಪ್ರಿಲ್, ಮೇ ತಿಂಗಳ ಬಿಸಿಲು ಮತ್ತು ಆಗಾಗ ಬೀಳುವ ಗುಡುಗು ಮಳೆ ಮೊಳಕೆ ಎಬ್ಬಿಸುತ್ತವೆ. ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆ ಗಿಡ ಬೆಳೆಸುತ್ತದೆ. ಡಿಸೆಂಬರ್‌ನ ಚಳಿ ಅದನ್ನು ಮಲಗಿಸುತ್ತದೆ. ಎರಡು ಕಡೆ ಮಾತ್ರ ನಿಜವಾದ ಎಚ್ಚರ ಬೇಕು. ಒಂದು, ನೆಡುವ ಸಮಯ. ಇನ್ನೊಂದು, ಹಿಂಗಾರಿನ ಜೋರು ಮಳೆಯಲ್ಲಿ ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳುವುದು. ಉಳಿದದ್ದನ್ನೆಲ್ಲ ಗಿಡವೇ ನೋಡಿಕೊಳ್ಳುತ್ತದೆ.

ಇದು ಯಾವ ಗಿಡ?

ಹೆಸರಲ್ಲಿ ಶುಂಠಿ ಇದ್ದರೂ ಇದು ಅರಿಶಿನದ ಹತ್ತಿರದ ನೆಂಟ. ಸಸ್ಯಶಾಸ್ತ್ರದಲ್ಲಿ ಕರ್ಕ್ಯುಮ ಅಮಡ. ಅರಿಶಿನ ಕರ್ಕ್ಯುಮ ಲಾಂಗ. ಎರಡೂ ಒಂದೇ ಕುಲ, ಎಲೆಯೂ ಒಂದೇ ಥರ. ಹಾಗಾಗಿ ಎರಡನ್ನೂ ಬೆಳೆಯುವವರು ಕುಂಡಕ್ಕೆ ಚೀಟಿ ಅಂಟಿಸುವುದು ಒಳ್ಳೆಯದು. ಕರಾವಳಿ ಕಡೆಯವರು ಕುಕ್ಕು ಶುಂಠಿ ಅನ್ನುತ್ತಾರೆ. ಬೆಂಗಳೂರಿನ ಮಾರುಕಟ್ಟೆಯಲ್ಲಿ ಮಾವಿನ ಶುಂಠಿ, ಮಾವಿನಕಾಯಿ ಶುಂಠಿ, ಮಾಂಗಾ ಇಂಜಿ, ಮಾಮಿಡಿ ಅಲ್ಲಂ, ಹೇಗೆ ಕೇಳಿದರೂ ಕೊಡುತ್ತಾರೆ.

ಮಾವಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಹಸಿ ಮಾವಿನಕಾಯಿಗೆ ಆ ಘಮ ಕೊಡುವ ಒಸಿಮೀನ್, ಕ್ಯಾರೀನ್ ಎಂಬ ಸುಗಂಧದ ಅಂಶಗಳು ಈ ಗೆಡ್ಡೆಯಲ್ಲೂ ಇವೆ. ಇವು ಬೇಗ ಆವಿಯಾಗುವ ಜಾತಿಯವು. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ. ಅಡುಗೆಮನೆಯಲ್ಲಿ ಇದನ್ನು ಹೇಗೆ ಬಳಸಬೇಕು ಅನ್ನುವುದೆಲ್ಲ ಇದರ ಮೇಲೆಯೇ ನಿಂತಿದೆ.

ಬಿತ್ತನೆ ಗೆಡ್ಡೆ ಆರಿಸುವುದು: ಜನವರಿ, ಫೆಬ್ರವರಿ

ಬೀಜದಿಂದ ಇದನ್ನು ಬೆಳೆಸುವುದಿಲ್ಲ. ಗೆಡ್ಡೆಯ ತುಂಡೇ ಬೀಜ. ಅಂದರೆ ಉಪ್ಪಿನಕಾಯಿಗೆ ತರುವ ಗೆಡ್ಡೆಯಲ್ಲೇ ಒಂದಿಷ್ಟನ್ನು ಎತ್ತಿಡಬಹುದು. ಬೇರೆ ನರ್ಸರಿ ಹುಡುಕಬೇಕಾಗಿಲ್ಲ.

ಆದರೆ ತಿನ್ನಲು ಆರಿಸುವುದಕ್ಕೂ ನೆಡಲು ಆರಿಸುವುದಕ್ಕೂ ವ್ಯತ್ಯಾಸ ಇದೆ. ನೆಡಲು ಮಣ್ಣು ಮೆತ್ತಿದ ಗೆಡ್ಡೆಯೇ ಬೇಕು. ತೊಳೆದು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಮಾರುವುದು ಬೇಡ, ಅದು ಏಪ್ರಿಲ್‌ವರೆಗೆ ಉಳಿಯುವುದು ಅನುಮಾನ. ಗೆಡ್ಡೆ ಗಟ್ಟಿಯಾಗಿರಬೇಕು, ಸುಕ್ಕು ಇರಬಾರದು. ತುದಿಯಲ್ಲಿ, ಗಂಟಿನ ಪಕ್ಕದಲ್ಲಿ ಉಬ್ಬಿದ ಕಣ್ಣುಗಳು ಕಾಣಬೇಕು. ಸಣ್ಣ ತೂತು, ಮೆತ್ತಗಿನ ಜಾಗ, ಬೂಸ್ಟು ಇದ್ದರೆ ಬಿಟ್ಟುಬಿಡಿ. ಒಂದು ತುಂಡನ್ನು ಮುರಿದು ನೋಡಿ. ಒಳಗೆ ತಿಳಿ ಹಳದಿ, ನಡುವೆ ಸ್ವಲ್ಪ ಗಾಢ ಬಣ್ಣ ಇರುತ್ತದೆ. ಮಾವಿನ ಘಮ ಬರಲೇಬೇಕು. ಕರ್ಪೂರದ ಥರ ಘಾಟು ಬಂದರೆ ಅದು ಕಸ್ತೂರಿ ಅರಿಶಿನವೋ ಇನ್ಯಾವುದೋ ಕಾಡು ಅರಿಶಿನವೋ ಆಗಿರುತ್ತದೆ, ಅದು ಉಪ್ಪಿನಕಾಯಿಗೆ ಬರುವುದಿಲ್ಲ.

ಎರಡು ಗ್ರೋ ಬ್ಯಾಗ್‌ಗೆ, ಅಂದರೆ ಗಿಡ ಬೆಳೆಸುವ ಚೀಲಕ್ಕೆ, 150 ಗ್ರಾಂ ಗೆಡ್ಡೆ ಧಾರಾಳ. ಮೊದಲ ವರ್ಷ ಇಷ್ಟೇ ಸಾಕು.

ಏಪ್ರಿಲ್‌ವರೆಗೆ ಕಾಪಾಡುವುದು

ಕಿತ್ತ ಮೇಲೆ ಗೆಡ್ಡೆ ಎರಡು ಮೂರು ತಿಂಗಳು ನಿದ್ದೆಯಲ್ಲಿರುತ್ತದೆ. ಆಗಲೇ ನೆಟ್ಟು ನೀರು ಹಾಕಿದರೆ ಅದು ಏಳುವುದಿಲ್ಲ, ಸುಮ್ನೆ ಮಣ್ಣಿನಲ್ಲಿ ಕೊಳೆಯುತ್ತದೆ. ಫೆಬ್ರವರಿಯಲ್ಲೇ ನೆಡುವ ಆತುರ ಬೇಡ ಅನ್ನುವುದು ಇದಕ್ಕೇ.

ಒಂದು ಮಣ್ಣಿನ ಮಡಕೆ ಅಥವಾ ರಟ್ಟಿನ ಡಬ್ಬ ತೆಗೆದುಕೊಳ್ಳಿ. ಕೆಳಗೆ ಒಣ ಮರಳು ಇಲ್ಲವೇ ಒಣ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಾಕಿ. ಅದರ ಮೇಲೆ ಗೆಡ್ಡೆಗಳನ್ನು ಒಂದಕ್ಕೊಂದು ತಾಗದಂತೆ ಜೋಡಿಸಿ, ಮೇಲೆ ಮತ್ತೆ ಮರಳು ಮುಚ್ಚಿ. ಬಿಸಿಲು ಬೀಳದ, ಗಾಳಿ ಆಡುವ ಮೂಲೆಯಲ್ಲಿ ಇಡಿ. ಮುಚ್ಚಳ ಬೇಡ. ಫ್ರಿಜ್ ಅಂತೂ ಬೇಡವೇ ಬೇಡ. ಎರಡು ವಾರಕ್ಕೊಮ್ಮೆ ಕೈ ಆಡಿಸಿ, ಮೆತ್ತಗಾದದ್ದು ಸಿಕ್ಕರೆ ಎಸೆಯಿರಿ.

ಇದೇ ಸಮಯದಲ್ಲಿ ಇನ್ನೊಂದು ಕೆಲಸ ಮಾಡಿಟ್ಟುಕೊಳ್ಳಿ. ವರ್ಷದ ಮೊದಲ ತಿಂಗಳುಗಳಲ್ಲಿ ನಮ್ಮ ಬೀದಿಗಳ ಹೊಂಗೆ ಮರಗಳು ಎಲೆ ಉದುರಿಸುತ್ತವೆ. ಗುಡಿಸಿದ ಒಣ ಎಲೆ ಫುಟ್‌ಪಾತ್ ಮೇಲೆ ರಾಶಿ ಬಿದ್ದಿರುತ್ತದೆ, ಕೆಲವರು ಅದಕ್ಕೆ ಬೆಂಕಿಯನ್ನೂ ಹಚ್ಚುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಒಂದು ಗೋಣಿಚೀಲ ತುಂಬಿ ತಂದಿಡಿ. ಮೇ ತಿಂಗಳಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಕುಂಡ ಮತ್ತು ಮಣ್ಣು

ಗೆಡ್ಡೆ ಆಳಕ್ಕೆ ಇಳಿಯುವುದಿಲ್ಲ, ಪಕ್ಕಕ್ಕೆ ಹರಡುತ್ತದೆ. ಹಾಗಾಗಿ ಅಗಲ ಮುಖ್ಯ. 15 ಇಂಚು ಅಗಲ, 12 ಇಂಚು ಆಳದ ಗ್ರೋ ಬ್ಯಾಗ್ ಒಂದಕ್ಕೆ ಮೂರು ತುಂಡು ನೆಡಬಹುದು. ಒಡೆದ ಪ್ಲಾಸ್ಟಿಕ್ ಟಬ್ಬು, ಹಳೆಯ ಬಕೆಟ್ ಕೂಡ ಆಗುತ್ತದೆ. ತಳದಲ್ಲಿ ಆರೇಳು ತೂತು ಇರಲಿ. ಕುಂಡವನ್ನು ನೆಲದ ಮೇಲೆ ನೇರವಾಗಿ ಇಡದೆ ಎರಡು ಇಟ್ಟಿಗೆ ಮೇಲೆ ಕೂರಿಸಿ. ತೂತು ಮುಚ್ಚಿಹೋಗುವುದಿಲ್ಲ, ತಾರಸಿಯೂ ತೇವ ಹಿಡಿಯುವುದಿಲ್ಲ. ಇಷ್ಟು ದೊಡ್ಡ ಬ್ಯಾಗ್ ನೆನೆದಾಗ 30 ಕೆಜಿ ದಾಟುತ್ತದೆ. ಹತ್ತಾರು ಬ್ಯಾಗ್ ಇಡುವವರು ತಾರಸಿಯ ನಡುವೆ ಗುಂಪು ಮಾಡದೆ ಗೋಡೆಯ ಅಂಚಿಗೆ ಸಾಲಾಗಿ ಇಡಬೇಕು.

ಮಣ್ಣಿನ ಲೆಕ್ಕ ಸರಳ. ಎರಡು ಪಾಲು ಕೆಮ್ಮಣ್ಣು, ಎರಡು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ಕೋಕೋಪೀಟ್. ಒಂದು ಬ್ಯಾಗ್‌ಗೆ ಎರಡು ಹಿಡಿ ಬೇವಿನ ಹಿಂಡಿ. ನಮ್ಮ ಕೆಮ್ಮಣ್ಣು ಒಣಗಿದರೆ ಇಟ್ಟಿಗೆ ಥರ ಗಟ್ಟಿಯಾಗುತ್ತದೆ, ಅದರಲ್ಲಿ ಗೆಡ್ಡೆ ದಪ್ಪವಾಗಲು ಜಾಗ ಸಿಗುವುದಿಲ್ಲ. ಕೋಕೋಪೀಟ್ ಹಾಕುವುದು ಇದಕ್ಕಾಗಿ. ಮುಷ್ಟಿಯಲ್ಲಿ ಹಿಡಿದು ಒತ್ತಿದರೆ ಉಂಡೆಯಾಗಬೇಕು, ಬೆರಳಿನಿಂದ ತಟ್ಟಿದರೆ ಉದುರಬೇಕು.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ಮೈಕ್ರೋಬಿಯಲ್ ಕನ್ಸೋರ್ಶಿಯಂ ಸಿಕ್ಕರೆ ಮಣ್ಣಿಗೆ ಸೇರಿಸಿ, ಪ್ಯಾಕೆಟ್ ಮೇಲಿನ ಅಳತೆ ನೋಡಿಕೊಂಡು. ಬೇರಿಗೆ ಸಹಾಯ ಮಾಡುವ ಸೂಕ್ಷ್ಮಜೀವಿಗಳು ಅದರಲ್ಲಿವೆ. ಸಿಗದಿದ್ದರೆ ಟ್ರೈಕೋಡರ್ಮ (ಕೊಳೆ ತರುವ ಶಿಲೀಂಧ್ರಗಳನ್ನು ಹತ್ತಿಕ್ಕುವ ಒಳ್ಳೆಯ ಶಿಲೀಂಧ್ರ) ಪುಡಿ ಸಾಕು, ಲಾಲ್‌ಬಾಗ್ ಸುತ್ತಮುತ್ತಲಿನ ಗೊಬ್ಬರ, ಬೀಜದ ಅಂಗಡಿಗಳಲ್ಲಿ ವಿಚಾರಿಸಿ.

ನೆಡುವುದು: ಭರಣಿಯಿಂದ ರೋಹಿಣಿಯವರೆಗೆ

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. ಭರಣಿ ಏಪ್ರಿಲ್ ಕೊನೆಗೆ ಶುರುವಾಗುತ್ತದೆ, ರೋಹಿಣಿ ಜೂನ್ ಮೊದಲ ವಾರಕ್ಕೆ ಮುಗಿಯುತ್ತದೆ. ನೆಡಲು ಇದೇ ಸರಿಯಾದ ಅವಧಿ. ಮಡಕೆಯಲ್ಲಿಟ್ಟ ಗೆಡ್ಡೆಯ ಕಣ್ಣು ತಾನಾಗಿ ಉಬ್ಬಿ, ಬೆಳ್ಳಗೆ ಚೂಪಾಗಿ ಹೊರಬರುತ್ತದೆ. ಆಗ ಕ್ಯಾಲೆಂಡರ್ ನೋಡುವುದು ಬೇಡ, ಅದು ತಯಾರಾಗಿದೆ ಅಂತಲೇ ಅರ್ಥ.

ಗೆಡ್ಡೆಯನ್ನು 20ರಿಂದ 25 ಗ್ರಾಂ ತೂಕದ ತುಂಡು ಮಾಡಿ. ಪ್ರತಿ ತುಂಡಿನಲ್ಲಿ ಎರಡು ಕಣ್ಣಾದರೂ ಇರಲಿ. ಚಾಕುವಿಗಿಂತ ಕೈಯಲ್ಲಿ ಗಂಟಿನ ಹತ್ತಿರ ಮುರಿಯುವುದು ಮೇಲು, ಗಾಯ ಚಿಕ್ಕದಾಗಿರುತ್ತದೆ. ಮುರಿದ ಜಾಗಕ್ಕೆ ಒಲೆ ಬೂದಿ ಸವರಿ ಒಂದು ದಿನ ನೆರಳಲ್ಲಿ ಒಣಗಲು ಬಿಡಿ. ಬೂದಿ ಇಲ್ಲದವರು ಒಂದು ಲೀಟರ್ ನೀರಿಗೆ 10 ಗ್ರಾಂ ಟ್ರೈಕೋಡರ್ಮ ಅಥವಾ ಅದೇ ಕೆಲಸ ಮಾಡುವ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾದ ಪುಡಿ ಕಲಸಿ, ಅರ್ಧ ಗಂಟೆ ನೆನೆಸಿ, ನೆರಳಲ್ಲಿ ಆರಿಸಿಕೊಳ್ಳಿ. ಈ ಹೆಜ್ಜೆ ಬಿಡಬೇಡಿ. ಮಳೆಗಾಲದಲ್ಲಿ ಬರುವ ಕೊಳೆ ರೋಗ ಬಹಳ ಸಲ ಬಿತ್ತನೆ ಗೆಡ್ಡೆಯ ಜೊತೆಗೇ ಬಂದಿರುತ್ತದೆ.

ಬ್ಯಾಗ್‌ನಲ್ಲಿ ಮೇಲೆ ಮೂರು ನಾಲ್ಕು ಇಂಚು ಖಾಲಿ ಬಿಟ್ಟು ಮಣ್ಣು ತುಂಬಿ. ಆ ಜಾಗ ಮುಂದೆ ಬೇಕಾಗುತ್ತದೆ. ಎರಡು ಇಂಚು ಆಳದಲ್ಲಿ, ಕಣ್ಣು ಮೇಲಕ್ಕೆ ಇರುವಂತೆ, ತುಂಡುಗಳನ್ನು ಗೇಣಿನಷ್ಟು ದೂರದಲ್ಲಿ ಮಲಗಿಸಿ. ಮಣ್ಣು ಮುಚ್ಚಿ, ಒಮ್ಮೆ ಚೆನ್ನಾಗಿ ನೀರು ಕೊಡಿ. ಈಗ ಗೋಣಿಚೀಲದ ಹೊಂಗೆ ಎಲೆಯನ್ನು ಎರಡು ಇಂಚು ದಪ್ಪಕ್ಕೆ ಹಾಸಿ. ಮೇ ತಿಂಗಳ ಬಿಸಿಲಿಗೆ ಮಣ್ಣು ಕಾಯುವುದಿಲ್ಲ, ಮಳೆ ಹೊಡೆತಕ್ಕೆ ಮಣ್ಣು ಗಟ್ಟಿಯಾಗುವುದಿಲ್ಲ, ಕಳೆಯೂ ಕಡಿಮೆ.

ಮೊಳಕೆ ಮೇಲೆ ಬರಲು ಮೂರರಿಂದ ಐದು ವಾರ ಬೇಕು. ಅಗೆದು ನೋಡಬೇಡಿ. ತುಂಬಾ ಜನ ಇಲ್ಲೇ ತಾಳ್ಮೆ ಕಳೆದುಕೊಂಡು ಕೆದಕುತ್ತಾರೆ, ಎಳೆ ಬೇರು ಮುರಿಯುತ್ತದೆ. ಮಣ್ಣು ತೇವವಾಗಿ ಇದ್ದರೆ ಸಾಕು, ಕೆಸರಾಗಬಾರದು.

ಬಿಸಿಲು, ನೀರು, ಗೊಬ್ಬರ

ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೀಳುವ ಜಾಗ ಚೆನ್ನ. ಪೂರ್ವ ದಿಕ್ಕಿನ ಬಾಲ್ಕನಿ ಇದ್ದವರಿಗೆ ಇದು ಒಳ್ಳೆಯ ಗಿಡ. ಟೊಮೆಟೊ, ಮೆಣಸಿನಕಾಯಿಗೆ ಬಿಸಿಲು ಸಾಲದ ಅಪಾರ್ಟ್‌ಮೆಂಟ್‌ಗಳಲ್ಲೂ ಇದು ಬರುತ್ತದೆ.

ಮಳೆ ಹಿಡಿಯುವವರೆಗೆ ದಿನ ಬಿಟ್ಟು ದಿನ ನೀರು. ಮಳೆ ಹಿಡಿದ ಮೇಲೆ ಬೆರಳನ್ನು ಒಂದು ಇಂಚು ಒಳಗೆ ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ಕೊಡಿ. ಬೋರ್‌ವೆಲ್ ನೀರಿನಲ್ಲಿ ಉಪ್ಪಿನಂಶ ಜಾಸ್ತಿ ಇರುವ ಬಡಾವಣೆಗಳಲ್ಲಿ ಎಲೆಯ ತುದಿ ಕಂದು ಬಣ್ಣಕ್ಕೆ ತಿರುಗಿ ಒಣಗುವುದುಂಟು. ಮಳೆ ನೀರು ಹಿಡಿದಿಟ್ಟುಕೊಂಡು ಹಾಕಿದರೆ ಹೊಸ ಎಲೆ ಸರಿಯಾಗಿ ಬರುತ್ತದೆ.

ನೆಟ್ಟ ಒಂದೂವರೆ ತಿಂಗಳಿಗೆ ಮೊದಲ ಮೇಲುಗೊಬ್ಬರ. ಎರಡು ಹಿಡಿ ಎರೆಗೊಬ್ಬರ, ಅರ್ಧ ಹಿಡಿ ಬೇವಿನ ಹಿಂಡಿ, ಅದರ ಮೇಲೆ ಒಂದು ಇಂಚು ಹೊಸ ಮಣ್ಣು. ಮೂರು ತಿಂಗಳಿಗೆ ಮತ್ತೊಮ್ಮೆ ಇದೇ ಥರ, ಜೊತೆಗೆ ಒಂದು ಹಿಡಿ ಬೂದಿ. ಮಣ್ಣು ಏರಿಸಲೆಂದೇ ಆಗ ಜಾಗ ಖಾಲಿ ಬಿಟ್ಟದ್ದು. ಗೆಡ್ಡೆ ದಪ್ಪವಾಗುತ್ತಾ ಮೇಲಕ್ಕೆ ಬರುತ್ತದೆ. ಬೆಳಕಿಗೆ ತೆರೆದುಕೊಂಡರೆ ಹಸಿರಾಗಿ ರುಚಿ ಕೆಡುತ್ತದೆ.

ಯೂರಿಯಾ ಹಾಕುವ ಆಸೆ ಬೇಡ. ಎಲೆ ಎದೆಯೆತ್ತರಕ್ಕೆ ಸೊಂಪಾಗಿ ಏಳುತ್ತದೆ, ನೋಡಲು ಖುಷಿ, ಕೆಳಗೆ ಗೆಡ್ಡೆ ಬೆರಳಿನ ಗಾತ್ರ ದಾಟಿರುವುದಿಲ್ಲ.

ಹೂವು

ಮಳೆಗಾಲದಲ್ಲಿ, ಸಾಮಾನ್ಯವಾಗಿ ಆಗಸ್ಟ್‌ನಿಂದ ಅಕ್ಟೋಬರ್ ನಡುವೆ, ಎಲೆಗಳ ಮಧ್ಯೆ ಗೇಣುದ್ದದ ಹೂಗೊಂಚಲು ಏಳುತ್ತದೆ. ಕೆಳಗಿನ ಪಕಳೆಯಂಥ ಎಲೆಗಳು ತಿಳಿ ಹಸಿರು. ತುದಿಯವು ಬಿಳಿ, ಅದರಲ್ಲಿ ನಸುಗೆಂಪಿನ ಛಾಯೆ. ನಿಜವಾದ ಹೂವು ಕೆಳಗಿನ ಸಂದಿಗಳಿಂದ ಇಣುಕುವ ತಿಳಿ ಹಳದಿಯದು. ಎಷ್ಟು ಚೆಂದ ಅಂದರೆ, ಗೆಡ್ಡೆಗಾಗಿ ಅಲ್ಲದಿದ್ದರೂ ಇದಕ್ಕಾಗಿ ಒಂದು ಕುಂಡ ಇಡಬಹುದು. ಎಲೆಯ ಮರೆಯಲ್ಲಿ ಇರುವುದರಿಂದ ಬಗ್ಗಿ ನೋಡಬೇಕು. ಎಲ್ಲ ಗಿಡವೂ ಪ್ರತಿ ವರ್ಷ ಹೂ ಬಿಡುವುದಿಲ್ಲ, ಬಿಡದಿದ್ದರೆ ಚಿಂತೆ ಬೇಡ. ಹೂವನ್ನು ಕೀಳಬೇಕೇ ಅಂತ ಕೇಳುತ್ತಾರೆ. ನಾನು ಕೀಳುವುದಿಲ್ಲ.

ಸೆಪ್ಟೆಂಬರ್, ಅಕ್ಟೋಬರ್: ಕಣ್ಣಿಟ್ಟು ಕಾಯುವ ಕಾಲ

ಬೆಂಗಳೂರಿನಲ್ಲಿ ವರ್ಷದ ಅತಿ ಹೆಚ್ಚು ಮಳೆ ಬೀಳುವುದು ಈ ದಿನಗಳಲ್ಲೇ. ಸಂಜೆ ಒಂದು ಗಂಟೆ ಸುರಿದರೆ ಕುಂಡ ತುಂಬಿ ನಿಲ್ಲುತ್ತದೆ. ಈ ಗಿಡಕ್ಕೆ ನೀರು ಇಷ್ಟ, ನಿಂತ ನೀರು ಮಾತ್ರ ಆಗುವುದಿಲ್ಲ. ಮಳೆ ನಿಂತ ಅರ್ಧ ಗಂಟೆಗೆ ಒಮ್ಮೆ ಹೋಗಿ ನೋಡಿ. ಮೇಲೆ ನೀರು ಹಾಗೇ ಇದ್ದರೆ ಒಂದು ಕಡ್ಡಿಯಿಂದ ತಳದ ತೂತು ಬಿಡಿಸಿ. ಮಳೆ ಬಿಡದೆ ಹಿಡಿದರೆ ಬ್ಯಾಗನ್ನು ಸಜ್ಜದ ಕೆಳಗೆ ಸರಿಸಿ.

ಕೊಳೆ ರೋಗದ ಗುರುತು ಹೀಗಿರುತ್ತದೆ. ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಕೆಳಗಿನ ಎಲೆ ಅಂಚಿನಿಂದ ಹಳದಿಯಾಗುತ್ತದೆ. ಕಾಂಡದ ಬುಡ ನೀರು ಕುಡಿದ ಹಾಗೆ ಮೆತ್ತಗಾಗುತ್ತದೆ. ಮೆಲ್ಲಗೆ ಎಳೆದರೆ ಕೈಗೆ ಬಂದುಬಿಡುತ್ತದೆ, ವಾಸನೆ ಹೊಡೆಯುತ್ತದೆ. ಅಂಥ ಗಿಡವನ್ನು ಸುತ್ತಲಿನ ಮಣ್ಣಿನ ಸಮೇತ ತೆಗೆದು ಹಾಕಿ, ಕಾಂಪೋಸ್ಟ್‌ಗೆ ಸೇರಿಸಬೇಡಿ. ಉಳಿದ ಗಿಡಗಳ ಬುಡಕ್ಕೆ ಟ್ರೈಕೋಡರ್ಮ ನೀರು ಹಾಕಿ, ಒಂದು ವಾರ ಒಣಗಲು ಬಿಡಿ.

ಇನ್ನೊಂದು ಶತ್ರು ಕಾಂಡ ಕೊರಕ. ನಡುವಿನ ಸುಳಿ ಒಣಗಿ, ಕಾಂಡದಲ್ಲಿ ತೂತು, ತೂತಿನ ಬಾಯಲ್ಲಿ ಹುಡಿ ಕಂಡರೆ ಒಳಗೆ ಹುಳ ಇದೆ ಅಂತ ಲೆಕ್ಕ. ಆ ಕಾಂಡವನ್ನು ಬುಡದಲ್ಲಿ ಕತ್ತರಿಸಿ ನಾಶ ಮಾಡಿ. ಪಕ್ಕದಿಂದ ಹೊಸ ಕಾಂಡ ಬರುತ್ತದೆ. ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ಎರಡು ಹನಿ ಸೋಪಿನ ದ್ರವ ಸೇರಿಸಿ ಸಂಜೆ ಹೊತ್ತು, ಎರಡು ಮೂರು ವಾರಕ್ಕೊಮ್ಮೆ ಸಿಂಪಡಿಸಿದರೆ ಕಾಟ ಕಡಿಮೆ. ಬಸವನಹುಳು ಇದ್ದರೆ ರಾತ್ರಿ ಟಾರ್ಚ್ ಹಿಡಿದು ಕೈಯಲ್ಲೇ ಆರಿಸಿ.

ಕೀಳುವುದು

ನವೆಂಬರ್‌ನಲ್ಲಿ ಎಲೆ ಹಳದಿಯಾಗಲು ಶುರುವಾಗುತ್ತದೆ. ಹೊಸಬರು ಗಾಬರಿಯಾಗಿ ಜಾಸ್ತಿ ನೀರು, ಜಾಸ್ತಿ ಗೊಬ್ಬರ ಹಾಕುತ್ತಾರೆ. ಇದು ರೋಗವಲ್ಲ. ಎಲೆಯಲ್ಲಿದ್ದ ಸತ್ವ ಗೆಡ್ಡೆಗೆ ಇಳಿಯುತ್ತಿದೆ ಅಷ್ಟೇ. ನೀರು ಕಡಿಮೆ ಮಾಡುತ್ತಾ ಬನ್ನಿ. ಎಲೆ ಪೂರ್ತಿ ಒಣಗಿ ಬಾಗಿದ ಮೇಲೆ ನೀರು ನಿಲ್ಲಿಸಿ, ಎರಡು ವಾರ ಹಾಗೇ ಬಿಡಿ. ಸಿಪ್ಪೆ ಗಟ್ಟಿಯಾಗುತ್ತದೆ, ಘಮ ಕೂಡುತ್ತದೆ. ನೆಟ್ಟ ಏಳು ತಿಂಗಳ ಸುಮಾರಿಗೆ, ಡಿಸೆಂಬರ್ ಅಥವಾ ಜನವರಿಯಲ್ಲಿ, ಕೀಳಬಹುದು.

ಗುದ್ದಲಿ ಬೇಡ. ತಾರಸಿ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ, ಬ್ಯಾಗನ್ನು ಮಲಗಿಸಿ, ಮಣ್ಣು ಸುರಿದು ಕೈಯಲ್ಲಿ ಬಿಡಿಸಿಕೊಳ್ಳಿ. ಮಕ್ಕಳಿದ್ದರೆ ಈ ಕೆಲಸ ಅವರಿಗೇ ಬಿಡಿ. ಚೆನ್ನಾಗಿ ಬಂದ ಬ್ಯಾಗ್‌ನಿಂದ ಅರ್ಧ ಕೆಜಿಯಿಂದ ಒಂದು ಕೆಜಿವರೆಗೆ ಸಿಗುತ್ತದೆ.

ತೊಳೆಯುವ ಮೊದಲೇ ಮುಂದಿನ ವರ್ಷದ ಬಿತ್ತನೆ ತೆಗೆದಿಡಿ. ಅತಿ ದಪ್ಪನೆಯ, ಕಣ್ಣು ತುಂಬಿದ ಗೆಡ್ಡೆಗಳೇ ಅದಕ್ಕೆ ಹೋಗಬೇಕು. ಒಳ್ಳೆಯದನ್ನು ತಿಂದು ಸಣ್ಣದನ್ನು ನೆಟ್ಟರೆ ಇಳುವರಿ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಅದೇ ಮಣ್ಣಿನಲ್ಲಿ ಮತ್ತೆ ಮಾವಿನ ಶುಂಠಿ, ಶುಂಠಿ, ಅರಿಶಿನ ಹಾಕಬೇಡಿ. ಹುರುಳಿಕಾಯಿಯೋ ಸೊಪ್ಪೋ ಬೆಳೆದುಕೊಳ್ಳಿ.

ತಿನ್ನಲು ಇಟ್ಟದ್ದನ್ನು ಮಣ್ಣು ಕೊಡವಿ ಬುಟ್ಟಿಯಲ್ಲಿ ಹರವಿದರೆ ಮೂರು ನಾಲ್ಕು ವಾರ ಇರುತ್ತದೆ. ತೊಳೆದದ್ದಾದರೆ ಚೆನ್ನಾಗಿ ಒರೆಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಡಿ.

ಅಡುಗೆಗೆ

ಘಮ ಆವಿಯಾಗುವ ಜಾತಿಯದು ಅಂತ ಹೇಳಿದ್ದೆನಲ್ಲ. ಕುದಿಸಿದರೆ, ಹುರಿದರೆ ಮಾವು ಹಾರಿಹೋಗುತ್ತದೆ. ಉಳಿಯುವುದು ಸಪ್ಪೆ ಶುಂಠಿಯ ಥರದ್ದು. ಆದ್ದರಿಂದ ಇದನ್ನು ಹಸಿಯಾಗಿಯೇ ಬಳಸಬೇಕು, ಇಲ್ಲವೇ ಒಲೆ ಆರಿಸಿದ ಮೇಲೆ ಸೇರಿಸಬೇಕು. ಇನ್ನೊಂದು ಮಾತು, ಇದಕ್ಕೆ ಮಾವಿನ ಪರಿಮಳ ಇದೆ, ಹುಳಿ ಇಲ್ಲ. ಹುಳಿಗೆ ನಿಂಬೆ ಬೇಕೇ ಬೇಕು.

ನಮ್ಮಲ್ಲಿ ಹಾಕುವ ಉಪ್ಪಿನಕಾಯಿಯ ಅಳತೆ ಕೊಡುತ್ತೇನೆ. ಕಾಲು ಕೆಜಿ ಮಾವಿನ ಶುಂಠಿಯನ್ನು ತೊಳೆದು, ಚಮಚದ ಅಂಚಿನಿಂದ ಸಿಪ್ಪೆ ಕೆರೆದು, ನೀರಿನ ಪಸೆ ಇಲ್ಲದಂತೆ ಒರೆಸಿ. ತೆಳ್ಳಗೆ ಬಿಲ್ಲೆ ಕತ್ತರಿಸಿ. ಎಂಟು ಹತ್ತು ಹಸಿಮೆಣಸಿನಕಾಯಿ ಸೀಳಿಕೊಳ್ಳಿ. ಇದೇ ಕಾಲದಲ್ಲಿ ಗಾಂಧಿ ಬಜಾರ್‌ನಲ್ಲಿ ಹಸಿ ಕಾಳುಮೆಣಸಿನ ಗೊಂಚಲು ಬರುತ್ತದೆ, ಸಿಕ್ಕರೆ ಒಂದು ಹಿಡಿ ತುಂಡು ಮಾಡಿ ಸೇರಿಸಿ. ಆಗ ಹಸಿಮೆಣಸಿನಕಾಯಿ ಅರ್ಧ ಸಾಕು. ಎರಡೂವರೆ ದೊಡ್ಡ ಚಮಚ ಕಲ್ಲುಪ್ಪಿನ ಪುಡಿ, ಅರ್ಧ ಚಿಕ್ಕ ಚಮಚ ಅರಿಶಿನ, ಆರು ರಸಭರಿತ ನಿಂಬೆಹಣ್ಣಿನ ರಸ. ಎಲ್ಲ ಕಲಸಿ ಗಾಜಿನ ಜಾಡಿಗೆ ತುಂಬಿ. ಮೂರು ದೊಡ್ಡ ಚಮಚ ಎಳ್ಳೆಣ್ಣೆ ಕಾಯಿಸಿ ಸಾಸಿವೆ, ಇಂಗಿನ ಒಗ್ಗರಣೆ ಮಾಡಿ, ಅದು ಪೂರ್ತಿ ತಣ್ಣಗಾದ ಮೇಲೆ ಸುರಿಯಿರಿ. ಬಿಸಿಯಲ್ಲೇ ಹಾಕಿದರೆ ಘಮ ಅಲ್ಲೇ ಹೋಯಿತು. ದಿನಕ್ಕೊಮ್ಮೆ ಒಣ ಚಮಚದಲ್ಲಿ ಕಲಕಿ. ಮೂರನೇ ದಿನಕ್ಕೆ ಮೊಸರನ್ನಕ್ಕೆ ತಯಾರು. ಫ್ರಿಜ್‌ನಲ್ಲಿಟ್ಟರೆ ಎರಡು ತಿಂಗಳು ಬಾಳುತ್ತದೆ.

ಜಾಡಿ ತಯಾರಾಗುವವರೆಗೆ ಕಾಯಲು ಆಗದವರಿಗೆ ತಂಬುಳಿ ಇದೆ. ಹೆಬ್ಬೆಟ್ಟಿನ ಗಾತ್ರದ ತುಂಡು, ಕಾಲು ಬಟ್ಟಲು ತೆಂಗಿನ ತುರಿ, ಚಿಟಿಕೆ ಜೀರಿಗೆ, ನಾಲ್ಕು ಕಾಳುಮೆಣಸು ನುಣ್ಣಗೆ ರುಬ್ಬಿ, ಒಂದು ಬಟ್ಟಲು ಮಜ್ಜಿಗೆ, ಉಪ್ಪು ಬೆರೆಸಿ. ತುಪ್ಪದಲ್ಲಿ ಸಾಸಿವೆ ಒಗ್ಗರಣೆ. ಹೆಸರುಬೇಳೆ ಕೋಸಂಬರಿಗೆ ಒಂದು ಚಮಚ ತುರಿದು ಹಾಕಿ, ನಿಂಬೆ ಹಿಂಡಿ. ಚಿತ್ರಾನ್ನಕ್ಕಾದರೆ ಒಗ್ಗರಣೆ ಬಾಣಲೆ ಕೆಳಗಿಳಿಸಿ, ಅನ್ನ ಕಲಸುವಾಗ ತುರಿ ಸೇರಿಸಿ. ಮಾವಿನಕಾಯಿ ಇಲ್ಲದ ಜನವರಿಯಲ್ಲಿ ಮಾವಿನಕಾಯಿ ಚಿತ್ರಾನ್ನದ ಪರಿಮಳ ಬರುತ್ತದೆ.

ಆಯುರ್ವೇದದಲ್ಲಿ ಇದಕ್ಕೆ ಆಮ್ರಹರಿದ್ರಾ ಅಂತ ಹೆಸರು, ಜೀರ್ಣಕ್ಕೆ ಒಳ್ಳೆಯದು ಅನ್ನುತ್ತಾರೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳು ಇದರಿಂದ ಬ್ಯಾಕ್ಟೀರಿಯಾ ತಡೆಯುವ ಒಂದು ಅಂಶವನ್ನೂ ಬೇರ್ಪಡಿಸಿದ್ದಾರೆ. ಅದು ಪ್ರಯೋಗಾಲಯದ ಮಾತು. ಔಷಧಿ ಅಂತ ಹಿಡಿಗಟ್ಟಲೆ ತಿನ್ನಬೇಕಾಗಿಲ್ಲ, ಊಟದ ಜೊತೆ ನಾಲ್ಕು ಬಿಲ್ಲೆ ಸಾಕು.